ಯಾವ ಐದನೆಯ ಅಡ್ಡರಸ್ತೆ?

ಮೊನ್ನೆ ಬೆಂಗಳೂರಿನಲ್ಲಿ ಬಾಡಿಗೆ ಕಾರಿಗಾಗಿ ಅರ್ಧ ಗಂಟೆ ಕಾದೆ. ಫೋನಿನ ನಕ್ಷೆಯಲ್ಲಿ ಗುರುತು ತಪ್ಪಿತ್ತು. ಚಾಲಕ ಕೇಳಿದಾಗ ನಾನು ಹೇಳಿದ್ದು ‘ಐದನೇ ಕ್ರಾಸ್’ ಎಂದಷ್ಟೆ. ಸಿಂಧನೂರು ಕಡೆಯ ಹುಡುಗ, ಕೆಲಸಕ್ಕೆ ಹೊಸಬ. “ಬಡಾವಣಿಗೊಂದು ಐದನೇ ಕ್ರಾಸ್ ಐತ್ರಿ ಸರ, ಯಾವುದಕ್ಕಂತ ಬರ್ಬೇಕ್ರಿ?” ಎಂದು ಬೆವರೊರೆಸಿಕೊಂಡ. ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ.

ಆ ಪ್ರಶ್ನೆಗೊಂದು ಚರಿತ್ರೆಯಿದೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿನ ಹಳೆಯ ಕೇರಿಗಳಿಗೆ ಕಸುಬು, ಸರಕುಗಳೇ ಹೆಸರು: ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ. ಹೆಸರೇ ಗುರುತು. 1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟವರಿಗೆ ಬಸವನಗುಡಿ, ಮಲ್ಲೇಶ್ವರಗಳು ಆಸರೆಯಾದವು. ಗಾಳಿ ಬೆಳಕಿನ ನೇರ ಬೀದಿಗಳೇನೋ ಬಂದವು. ಮಲ್ಲೇಶ್ವರದ ಅಡ್ಡರಸ್ತೆಗಳಿಗೆ ಹೆಸರಿನ ಬದಲು ಸಂಖ್ಯೆ. ಆಮೇಲಿನ ಬಡಾವಣೆಗಳೂ ಒಂದರಿಂದಲೇ ಎಣಿಸತೊಡಗಿದವು. 1949ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು, ಎಣಿಕೆ ಒಂದಾಗಲಿಲ್ಲ.

ಹಳಬರಾದ ನಮಗೆ ‘ಐದನೆಯದು’ ಎಂದರೆ ನಮ್ಮದೇ. ಹೊಸಬನಿಗೆ ಅದು ಹತ್ತಾರು ಊರುಗಳ ಐದನೆಯದು. ಕಳೆದ ಅರ್ಧ ಗಂಟೆ ಇಬ್ಬರದೂ ಹೌದು; ಸುಟ್ಟ ಇಂಧನ ಮಾತ್ರ ಅವನೊಬ್ಬನದು. ಈಗ ನಾನು ಸಂಖ್ಯೆಗೆ ಮೊದಲು ಬಡಾವಣೆಯ ಹೆಸರು ಹೇಳುತ್ತೇನೆ, ಜೊತೆಗೆ ಬೀದಿಯ ತುದಿಯ ಅರಳಿಕಟ್ಟೆಯನ್ನೂ.