ಉಳುಕಿದ ಕಾಲೂ ಬೆಳಗೊಳದ ಮೆಟ್ಟಿಲೂ

ಗಣಪತಿ ಹಬ್ಬದಲ್ಲಿ ನಮ್ಮೂರಲ್ಲಿ ಹೆಂಗಸರಿಗೂ ಆಟ ಇಡ್ತಾರೆ. ರಂಗೋಲಿ, ಮ್ಯೂಸಿಕಲ್ ಚೇರು, ಚಮಚ ಕಚ್ಕೊಂಡು ನಿಂಬೆಹಣ್ಣು ಬೀಳ್ದಂಗೆ ಓಡೋದು, ಇಂಥವು. ಈ ಸಲ ಹುಡುಗ್ರು ಖೊಖೊನೂ ಇಟ್ಬುಟ್ರು. "ಆಂಟಿ, ನೀವು ಕೂತ್ಕೊಂಡು ಪಾಯಿಂಟ್ ಬರ್ಕೊಳಿ ಸಾಕು" ಅಂದ ಒಬ್ಬ. ಅಷ್ಟು ಸಾಕಾಯ್ತು ನಂಗೆ. 1987ರಲ್ಲಿ ಪಿಯುಸಿ ಓದೋವಾಗ ತಾಲ್ಲೂಕು ಮಟ್ಟಕ್ಕೆ ಆಡಿದ್ದ ಕಾಲು ಇದು. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಇಳ್ದೆ. ಇಬ್ರನ್ನ ಔಟ್ ಮಾಡ್ದೆ. ಮೂರನೆಯವಳನ್ನ ಮುಟ್ಟೋಕೆ ಅಂತ ಕಂಬದ ಹತ್ರ ತಿರುಗ್ದೆ ನೋಡಿ, ಬಲಗಾಲಿನ ಗಿಣ್ಣು ಟಕ್ ಅಂತು.

ಮನೆಗೆ ಬರೋ ಹೊತ್ಗೆ ಕಾಲು ಬದನೆಕಾಯಿ ಥರ ಊದ್ಕೊಂಡಿತ್ತು. ಆಮೇಲೆ ಶುರುವಾಯ್ತು ಔಷಧಿ ಹೇಳೋರ ಸಾಲು. ಒಬ್ರು ಹುಣಸೆಹಣ್ಣು ಉಪ್ಪು ಕುದಿಸಿ ಪಟ್ಟು ಹಾಕು ಅಂದ್ರು. ಇನ್ನೊಬ್ರು ಎಕ್ಕದೆಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟು ಅಂದ್ರು. ಪಕ್ಕದ್ಮನೆ ಅಜ್ಜಿ ತನ್ನ ಮೊಮ್ಮಗನ್ನೇ ಎಳ್ಕೊಂಡು ಬಂತು. ಆ ಹುಡುಗ ಹುಟ್ಟೋವಾಗ ಕಾಲು ಮುಂದಾಗಿ ಬಂದೋನಂತೆ, ಅಂಥವನ ಕೈಲಿ ಒದೆಸ್ಕೊಂಡ್ರೆ ಉಳುಕು ಹೋಗುತ್ತಂತೆ. ಅವನೇ ನಾಚ್ಕೊಂಡು ಹೊಸಲು ದಾಟ್ಲಿಲ್ಲ. ಬೆಂಗಳೂರಿಂದ ಮಗಳು ಫೋನಲ್ಲಿ "ಅಮ್ಮ, ಬಿಸಿ ಮುಟ್ಟಿಸ್ಬೇಡ, ಐಸ್ ಇಡು" ಅಂತ ಕೂಗಾಡ್ತಿದ್ಳು. ಒಂದು ಕಾಲಿಗೆ ಬಿಸಿನೂ ತಣ್ಣಗಿಂದೂ ಒಟ್ಟಿಗೆ ಎಂಗೆ ಇಡೋದು?

ಮೂರು ವಾರ ಕೂತಲ್ಲೇ ಕೂತಿದ್ದೆ. ಆಗ ತಲೇಲಿ ಇದೊಂದು ಹುಳ ಬಿಟ್ಕೊಂಡೆ. ನಮ್ಮ ಸೀಮೇಲಿ ಕೈಕಾಲು ಉಳುಕಿಸ್ಕೊಂಡೋರು, ವಯಸ್ಸಾದ್ಮೇಲೂ ಆಟ ಬಿಡದೇ ಇದ್ದೋರು ಏನ್ ಮಾಡ್ತಿದ್ರು? ರಾಜರ ಚರಿತ್ರೆ ನಮ್ಮೂರ ಗೋಡೆ ಮೇಲೇ ಇದೆ. ಬೂಚೇಶ್ವರನ ಗುಡಿ ಕಟ್ಟಿಸಿದ್ದು 1173ರಲ್ಲಿ, ವೀರಬಲ್ಲಾಳನ ಪಟ್ಟಾಭಿಷೇಕದ ಸಂತೋಷಕ್ಕೆ, ಬೂಚಿರಾಜ ಅನ್ನೋ ಅಧಿಕಾರಿ. ಅಷ್ಟು ಕಲ್ಲು ಎತ್ತಿ ಕೆತ್ತಿದೋರ ಸೊಂಟ ಏನಾಯ್ತು ಅಂತ ಮಾತ್ರ ಯಾವ ಶಾಸನದಲ್ಲೂ ಬರ್ದಿಲ್ಲ.

ಗುಡಿಗಿಂತ ನಲವತ್ತು ವರ್ಷಕ್ಕೆ ಮುಂಚೆ, ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಅಂತ ಸಂಸ್ಕೃತದಲ್ಲಿ ದೊಡ್ಡ ಗ್ರಂಥ ಮಾಡ್ದ. ಅದ್ರಲ್ಲಿ ಮಲ್ಲರಿಗೇ ಅಂತ ಒಂದು ಅಧ್ಯಾಯ ಇದೆ. ಪೈಲ್ವಾನರನ್ನ ವಯಸ್ಸು, ಮೈಕಟ್ಟು, ಶಕ್ತಿ ನೋಡಿ ಬೇರೆ ಬೇರೆ ದರ್ಜೆ ಮಾಡೋದು, ಅವ್ರಿಗೆ ಏನು ಸಾಮು, ಅರಮನೆಯಿಂದ ಬೇಳೆ, ಮಾಂಸ, ಹಾಲು, ಸಕ್ಕರೆ ಎಲ್ಲಾ ಕೊಡ್ಬೇಕು ಅನ್ನೋದು, ಅದೆಲ್ಲಾ ಇದೆ. ಅಂದ್ರೆ ವಯಸ್ಸಿಗೆ ತಕ್ಕ ಹಾಗೆ ಆಡಿಸ್ಬೇಕು ಅನ್ನೋದು ಒಂಬೈನೂರು ವರ್ಷದ ಹಿಂದೆನೇ ಗೊತ್ತಿತ್ತು. ನಮ್ಮ ಗಣಪತಿ ಕಮಿಟಿಯೋರಿಗೆ ಗೊತ್ತಿಲ್ಲ.

ವಯಸ್ಸು ಮೀರಿದ ಪೈಲ್ವಾನ ಏನಾಗ್ತಿದ್ದ ಅನ್ನೋಕೆ ನಮ್ಮ ಸೀಮೇಲಿ ಒಳ್ಳೆ ಸಾಕ್ಷಿ ಅಂದ್ರೆ ಜಟ್ಟಿಗಳು. ಮೈಸೂರು ಅರಮನೇಲಿ ವಿಜಯದಶಮಿ ದಿವ್ಸ ತಲೆ ಬೋಳಿಸ್ಕೊಂಡು, ಬೆರಳಿಗೆ ವಜ್ರಮುಷ್ಟಿ ಹಾಕ್ಕೊಂಡು ಕಾಳಗ ಮಾಡ್ತಾರಲ್ಲ, ಅವ್ರು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನದೋರು ಈಗ್ಲೂ ಬರ್ತಾರೆ. ಎದುರಾಳಿ ತಲೇಲಿ ಒಂದು ಹನಿ ರಕ್ತ ಕಂಡ ಕೂಡ್ಲೇ ಕಾಳಗ ಮುಗೀತು. ಎಡ್ಗರ್ ಥರ್ಸ್ಟನ್ ಅನ್ನೋ ಇಂಗ್ಲಿಷಿನವ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ತಂದ. ಅದ್ರಲ್ಲಿ ಜಟ್ಟಿಗಳು ಕುಸ್ತಿ ಜೊತೆಗೆ ತೆಲುಗು ಸೀಮೇಲಿ ಮೈ ತಿಕ್ಕಿ, ಮುಲಾಮು ಹಚ್ಚಿ ನರದ ನೋವು ವಾಸಿ ಮಾಡೋರು ಅಂತಾನೂ ಬರ್ದಿದ್ದಾನೆ. ಹತ್ತಾರು ವರ್ಷ ತನ್ನ ಮೈಯೇ ಮುರಿಸ್ಕೊಂಡೋನಿಗೆ ಬೇರೆಯವರ ಮೈ ಎಲ್ಲಿ ಸರಿದಿದೆ ಅಂತ ಬೆರಳಿಗೇ ಗೊತ್ತಾಗೋದು ಸಹಜ ತಾನೆ.

ನಮ್ಮ ಮಾವಯ್ಯ ಜಟ್ಟಿ ಅಲ್ಲ, ಆದ್ರೆ ಗರಡಿಲಿ ಬೆಳೆದೋರು. ಎರಡು ಕಿವಿನೂ ಮುರುಟ್ಕೊಂಡು ಒಣಗಿದ ಅಂಜೂರದಂಗೆ ಇದ್ವು. ಸುತ್ತಮುತ್ತ ಜಾತ್ರೆಗಳಲ್ಲಿ ಕುಸ್ತಿ ಆಡಿ, 32ನೇ ವಯಸ್ಸಿಗೆ ಭುಜ ಕಳಚ್ಕೊಂಡು ಬಿಟ್ರು. ನಾನು ಮದುವೆಯಾಗಿ ಬಂದಾಗ, ಅದು 1991, ಜಗಲಿ ಮೇಲೆ ದಿನಾ ಬೆಳಿಗ್ಗೆ ಯಾರಾದ್ರೂ ಕಾಲು ನೀಡ್ಕೊಂಡು ಕೂತಿರೋರು. ತೆಂಗಿನ ಮರದಿಂದ ಜಾರಿದೋನು, ಆಲೂಗೆಡ್ಡೆ ಮೂಟೆ ಎತ್ತೋಕೋಗಿ ಸೊಂಟ ಹಿಡ್ಕೊಂಡೋನು, ಕೆಸರು ಗದ್ದೇಲಿ ಜಾರಿದೋಳು. ಮಾವಯ್ಯ ಕಣ್ಣು ಮುಚ್ಕೊಂಡು ಗಿಣ್ಣಿನ ಸುತ್ತ ಒತ್ತೋರು. ಮೂಳೆ ಮೇಲೇ ಒತ್ತಿದಾಗ ಜೀವ ಹೋದಂಗೆ ಕೂಗಿದ್ರೆ ಕೈ ತೆಗೆದುಬಿಡೋರು. "ಇದು ನನ್ನ ಕೈಲಾಗೋದಲ್ಲ ಕಣಪ್ಪ, ಹಾಸನಕ್ಕೆ ಕರ್ಕೊಂಡೋಗಿ" ಅನ್ನೋರು. ಮಾಂಸದಲ್ಲಿ ನೋವಿದ್ರೆ ಎಣ್ಣೆ ಹಚ್ಚಿ ಕಟ್ಟೋರು. ದುಡ್ಡು ಮುಟ್ತಿರ್ಲಿಲ್ಲ, ಎಲೆ ಅಡಿಕೆ ಇಸ್ಕೊಳೋರು.

ಇದನ್ಯಾಕೆ ಇಷ್ಟುದ್ದ ಹೇಳ್ದೆ ಅಂದ್ರೆ, ಈ ಸಲ ನನ್ನ ಕಾಲು ನೋಡಿದ ಡಾಕ್ಟ್ರು ಎಕ್ಸ್‌ರೇ ಬರೆಯೋಕೆ ಮುಂಚೆ "ನಾಲ್ಕು ಹೆಜ್ಜೆ ನಡೀರಮ್ಮ" ಅಂದ್ರು. ಕುಂಟ್ಕೊಂಡು ನಡ್ದೆ. ಆಮೇಲೆ ಗಿಣ್ಣಿನ ಮೂಳೆಯ ಹಿಂದಿನ ಅಂಚಿಗೆ ಒತ್ತಿ ನೋಡಿದ್ರು. ಅಲ್ಲಿ ಅಷ್ಟೇನು ನೋವಿರ್ಲಿಲ್ಲ. "ಎಕ್ಸ್‌ರೇ ಬೇಡ, ಇದು ಕಟ್ಟುನರದ್ದು" ಅಂದ್ರು. ಮನೆಗೆ ಬಂದು ಮಗಳ ಹತ್ರ ಹುಡುಕಿಸ್ದೆ. ಕೆನಡಾ ದೇಶದ ಆಟವಾದಲ್ಲಿ 1992ರಲ್ಲಿ ಮಾಡಿದ ನಿಯಮವಂತೆ ಅದು. ನಾಲ್ಕು ಹೆಜ್ಜೆ ಇಡೋಕೆ ಆಗ್ದಿದ್ರೆ ಅಥವಾ ಆ ಮೂಳೆ ಅಂಚು ಒತ್ತಿದ್ರೆ ನೋವಿದ್ರೆ ಮಾತ್ರ ಎಕ್ಸ್‌ರೇ. ನಾನು ನಕ್ಕೆ. ಮಾವಯ್ಯ ಇದ್ದಿದ್ರೆ ಮೀಸೆ ತಿರುಗೋರು.

ಎಲ್ಲಾ ಕಟ್ಟುಗಾರರೂ ಮಾವಯ್ಯನಂಗೆ ಇರ್ಲಿಲ್ಲ, ಇದನ್ನೂ ಹೇಳ್ಬೇಕು. ನನ್ನ ತಮ್ಮಂಗೆ ಚಿಕ್ಕವನಿದ್ದಾಗ ಕೈ ಮುರಿದಾಗ ಒಬ್ರ ಹತ್ರ ಕಟ್ಟು ಹಾಕಿಸಿದ್ವಿ. ದಬ್ಬೆ ಇಟ್ಟು, ಮೊಟ್ಟೆ ಬಿಳಿ ಸವರಿ, ಬಿಗಿಯಾಗಿ ಸುತ್ತಿದ್ರು. ರಾತ್ರಿಗೆ ಬೆರಳು ನೀಲಿಯಾಗಿ ಜೋಮು ಹಿಡೀತು. ಅಪ್ಪಯ್ಯ ಕುಡುಗೋಲು ತಗೊಂಡು ಕಟ್ಟು ಕೊಯ್ದಿದ್ದಕ್ಕೆ ಕೈ ಉಳೀತು. ಅವನ ಮೊಣಕೈ ಈಗ್ಲೂ ಪೂರ್ತಿ ಚಾಚೋಕಾಗಲ್ಲ. ದಾರೀಲಿ ಎಲ್ಲೆಲ್ಲೂ 'ಪುತ್ತೂರು ಕಟ್ಟು' ಅಂತ ಬೋರ್ಡ್ ನೋಡ್ತೀರಲ್ಲ, ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದಲ್ಲಿ ತಿರುಪತಿ ಹತ್ರ ಇರೋ ಪುತ್ತೂರು. ನಾನೂ ಬಹಳ ವರ್ಷ ಮಂಗಳೂರ ಕಡೆಯದು ಅಂತಲೇ ಅನ್ಕೊಂಡಿದ್ದೆ.

ಹೆಂಗಸರಿಗೆ ಗರಡಿ ಇರ್ಲಿಲ್ಲ, ಒರಳು, ಬೀಸೋ ಕಲ್ಲು, ಒನಕೆ ಇದ್ವು. ನೋವಾದ್ರೆ ಲಕ್ಕಿ ಸೊಪ್ಪಿನ ನೀರು ಬಚ್ಚಲಲ್ಲಿ. ಅದಕ್ಕೆ ಉಸ್ತಾದರೂ ಇಲ್ಲ, ಪುಸ್ತಕಾನೂ ಇಲ್ಲ. ಹಸುಗಳ ವೈದ್ಯಕ್ಕೇ ಅಂತ ಕನ್ನಡದಲ್ಲಿ ಪುಸ್ತಕ ಇತ್ತು ನೋಡಿ, 1100ರ ಸುಮಾರಿಗೆ ಚಾಲುಕ್ಯರ ಕೀರ್ತಿವರ್ಮ ಬರೆದ 'ಗೋವೈದ್ಯ'. ಹಸು ಅಂದಾಗ ನೆನಪಾಯ್ತು. ನಮ್ಮ ಕೊಟ್ಟಿಗೇಲಿ ಕುಂಟೋ ಹಸುಗೆ ಡೈಕ್ಲೋಫಿನಾಕ್ ಇಂಜೆಕ್ಷನ್ ಕೊಡಿಸ್ತಿದ್ವಿ, ನಮ್ಮ ಮೊಣಕಾಲಿಗೂ ಅದೇ ಮಾತ್ರೆ. ಆ ಔಷಧಿ ಮೈಯಲ್ಲಿದ್ದು ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯ್ತವೆ ಅಂತ 2004ರಲ್ಲಿ ಗೊತ್ತಾಯ್ತು. 2006ರಲ್ಲಿ ದನಕ್ಕೆ ಅದನ್ನ ನಿಷೇಧ ಮಾಡಿದ್ರು. ಉಳಿದಿರೋ ಹದ್ದುಗಳಿಗೆ ಅಂತ ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಕ್ಷಿತಾರಣ್ಯ ಆಯ್ತು. ಅದು ಓದಿದ್ಮೇಲೆ ನಾನೂ ಆ ಮಾತ್ರೆ ದಿನಾ ನುಂಗೋದು ಬಿಟ್ಟೆ. ಹದ್ದಿನ ಮೂತ್ರಪಿಂಡ ಬೇರೆ, ನಮ್ಮದು ಬೇರೆ ಅಂತಾರೆ ಡಾಕ್ಟ್ರು. ಆದ್ರೂ ಕೇಳ್ದೆ ನುಂಗ್ಬೇಡಿ ಅಂತ ಅವ್ರೂ ಹೇಳಿದ್ರು.

ಅಮೃತಾಂಜನದ್ದು ಒಂದು ಮಾತಲ್ಲಿ ಹೇಳ್ಬುಡ್ತೀನಿ. ಕಾಶೀನಾಥುನಿ ನಾಗೇಶ್ವರರಾವ್ ಅನ್ನೋ ಆಂಧ್ರದೋರು 1893ರಲ್ಲಿ ಬೊಂಬಾಯಲ್ಲಿ ಶುರು ಮಾಡಿದ್ದು. ಸಂಗೀತ ಕಚೇರಿಗಳಲ್ಲಿ ಬಿಟ್ಟಿ ಹಂಚಿ ಹಂಚಿ ಜನಕ್ಕೆ ರೂಢಿ ಮಾಡಿಸಿದ್ರಂತೆ.

ಐಸೋ ಬಿಸಿಯೋ ಅನ್ನೋ ಜಗಳಕ್ಕೆ ಬರ್ತೀನಿ. 1978ರಲ್ಲಿ ಗೇಬ್ ಮರ್ಕಿನ್ ಅನ್ನೋ ಅಮೆರಿಕದ ಡಾಕ್ಟ್ರು ಆಟಗಾರರಿಗೆ ಅಂತ ಬರೆದ ಪುಸ್ತಕದಲ್ಲಿ ನಾಲ್ಕು ಮಾತು ಹೇಳಿದ್ರು: ಸುಮ್ನಿರು, ಐಸ್ ಇಡು, ಕಟ್ಟು, ಎತ್ತರದಲ್ಲಿಡು. ಪ್ರಪಂಚವೆಲ್ಲಾ ಅದನ್ನೇ ಪಾಲಿಸ್ತು. ಸುಮಾರು 35 ವರ್ಷ ಆದ್ಮೇಲೆ ಅದೇ ಡಾಕ್ಟ್ರು, ಐಸ್ ನೋವು ತಗ್ಗಿಸುತ್ತೆ ನಿಜ, ಆದ್ರೆ ಬಹಳ ಹೊತ್ತು ಇಟ್ರೆ ವಾಸಿಯಾಗೋದು ನಿಧಾನ ಆಗ್ಬೋದು, ಪೂರ್ತಿ ಅಲ್ಲಾಡದೇ ಕೂರೋದೂ ಒಳ್ಳೇದಲ್ಲ ಅಂತ ತಿದ್ಕೊಂಡ್ರು. ತನ್ನ ಮಾತು ತಾನೇ ವಾಪಸ್ ತಗೊಳ್ಳೋ ವೈದ್ಯರು ಎಷ್ಟು ಜನ ಸಿಗ್ತಾರೆ? ನಾನು ಮೊದಲೆರಡು ದಿನ ಮಗಳ ಮಾತಿಗೆ ಐಸು ಇಟ್ಟೆ, ಆಮೇಲೆ ಅಜ್ಜಿ ಮಾತಿಗೆ ಉಪ್ಪಿನ ಕಾವು ಕೊಟ್ಟೆ. ಇಬ್ರಿಗೂ ಸಮಾಧಾನ ಆಯ್ತು.

ಇಷ್ಟೆಲ್ಲಾ ಓದಿದ್ದು ಬರೀ ಹೊತ್ತು ಕಳೆಯೋಕಲ್ಲ. ನನ್ನ ಮೈಯ ಲೆಕ್ಕ ಇರೋದು ಶ್ರವಣಬೆಳಗೊಳದ ಬೆಟ್ಟದ ಮೇಲೆ. ನನ್ನ ತವರು ಚನ್ನರಾಯಪಟ್ಟಣದ ಕಡೆ. ನಾವು ಜೈನರಲ್ಲ, ಆದ್ರೆ ಮಹಾಮಸ್ತಕಾಭಿಷೇಕ ಅಂದ್ರೆ ಸೀಮೆಗೆಲ್ಲಾ ಹಬ್ಬ. ಗೊಮ್ಮಟಂಗೆ ಸಾವಿರ ವರ್ಷ ತುಂಬಿದ 1981ರಲ್ಲಿ ನಂಗೆ 11. ಇಂದಿರಾ ಗಾಂಧಿ ಹೆಲಿಕಾಪ್ಟರಲ್ಲಿ ಬಂದು ಹೂವು ಉದುರಿಸಿದ್ದು ಆಗಲೇ. ಜನ ಕಮ್ಮಿಯಾದ್ಮೇಲೆ ನಾವು ಹೋಗಿದ್ವಿ. ಆರ್ನೂರು ಚಿಲ್ಲರೆ ಮೆಟ್ಲು, ಬರಿಗಾಲು. ನಾನು ಓಡ್ಕೊಂಡು ಹತ್ತಿ, ಅವ್ವ ಬರೋವರ್ಗೂ ಕಾಯೋಕಾಗ್ದೆ ಇಳಿದು, ಮತ್ತೆ ಅವಳ ಜೊತೆ ಹತ್ತಿದ್ದೆ. 1993ರಲ್ಲಿ ಮಗಳನ್ನ ಕಂಕುಳಲ್ಲಿ ಎತ್ಕೊಂಡು ಹತ್ತಿದೆ.

2006ರಲ್ಲಿ ಅವ್ವಂಗೆ 58. ಅಖಂಡ ಬಾಗಿಲು ಇನ್ನೂ ಮೇಲಿತ್ತು, ಬಂಡೆ ಮೇಲೆ ಕೂತ್ಬುಟ್ಳು. ಎರಡು ಮೊಣಕಾಲೂ ಊದಿದ್ವು. ಡೋಲಿ ತರಿಸ್ತೀನಿ ಅಂದ್ರು ನಮ್ಮನೆಯವರು. "ನಾನೇನು ಹೆಣನಾ, ನಾಲ್ಕು ಜನ ಹೊರೋಕೆ? ನೀವು ಹೋಗ್ಬನ್ನಿ" ಅಂದ್ಳು. ನಾವು ಹೋಗ್ಬಂದ್ವಿ. ಬರೋವಾಗ ಅವ್ವ ಅಲ್ಲೇ ಕೂತ್ಕೊಂಡು ಊರ ಕಡೆ ಕೆರೆ ನೋಡ್ತಿದ್ಳು. ಅದೇ ವರ್ಷ ಚಿಕುನ್‌ಗುನ್ಯಾ ಬಂತು. ದೇಶದಲ್ಲಿ ಸುಮಾರು 14 ಲಕ್ಷ ಜನಕ್ಕೆ ಅಂತ ಲೆಕ್ಕ, ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದಲ್ಲೇ. ಮೈ ಬಗ್ಗಿಸೋದು ಅನ್ನೋ ಅರ್ಥದ ಆಫ್ರಿಕಾ ಮಾತಂತೆ ಅದು. ಅವ್ವ ಬಗ್ಗಿದೋಳು ನೆಟ್ಟಗಾಗ್ಲೇ ಇಲ್ಲ. 2018ಕ್ಕೆ ಅವಳು ಇರ್ಲಿಲ್ಲ. ಆ ಸಲ ನಾನು ಹತ್ತಿದ್ದೇನೋ ಹತ್ತಿದೆ, ಇಳಿಯೋವಾಗ ಮಾತ್ರ ಕಂಬಿ ಹಿಡ್ಕೊಂಡು ಅಡ್ಡಡ್ಡ ಇಳಿದೆ. ಮೆಟ್ಲು ಇಳಿಯೋವಾಗ ಮಂಡಿ ಮೇಲೆ ಮೈತೂಕದ ಮೂರು ಪಟ್ಟಿಗಿಂತ ಹೆಚ್ಚು ಭಾರ ಬೀಳುತ್ತಂತೆ. ಮುಂದಿನದು 2030ಕ್ಕೆ. ಆಗ ನಂಗೆ 60.

ಕೂತಿದ್ದಾಗ ಬಹಳ ಸಲ ಓದಿದ್ದು ಬಿ.ಕೆ.ಎಸ್. ಅಯ್ಯಂಗಾರರ ವಿಚಾರ. ಕೋಲಾರದ ಬೆಳ್ಳೂರಲ್ಲಿ 1918ರಲ್ಲಿ ಹುಟ್ಟಿದ ರೋಗಿಷ್ಠ ಹುಡುಗ. ಮೈಸೂರಿನ ಜಗನ್ಮೋಹನ ಅರಮನೆ ಯೋಗಶಾಲೇಲಿ ಭಾವ ಕೃಷ್ಣಮಾಚಾರ್ಯರ ಹತ್ರ ಕಲಿತೋರು. ಒಂದ್ಸಲ ದೊಡ್ಡ ಮನುಷ್ಯರ ಮುಂದೆ ಹನುಮಾನಾಸನ ಮಾಡು ಅಂತ ಭಾವ ಹೇಳಿ, ಅಭ್ಯಾಸ ಇಲ್ದೆ ಮಾಡೋಕೋಗಿ ತೊಡೆ ಹಿಂದಿನ ಸ್ನಾಯು ಹರ್ಕೊಂಡ್ರು. ಆಮೇಲೆ 1979ರಲ್ಲಿ, 60 ದಾಟಿದ್ಮೇಲೆ, ಸ್ಕೂಟರ್ ಅಪಘಾತದಲ್ಲಿ ಬೆನ್ನು ಭುಜ ಪೆಟ್ಟಾಯ್ತು. ಅಷ್ಟು ದೊಡ್ಡ ಗುರು, ಹೊಸದಾಗಿ ಸೇರಿದೋರಂಗೆ ಮೊದಲಿಂದ ಶುರು ಮಾಡಿದ್ರು. ಕುರ್ಚಿ, ಹಗ್ಗ, ಮರದ ದಿಮ್ಮಿ, ಪಟ್ಟಿ, ಏನು ಬೇಕೋ ಅದನ್ನ ಆಸರೆ ಮಾಡ್ಕೊಂಡು ಆಸನ ಮಾಡೋದು ಅವರದೇ ದಾರಿ. 2014ರಲ್ಲಿ 95ನೇ ವಯಸ್ಸಿಗೆ ತೀರ್ಕೊಂಡ್ರು, 90 ದಾಟಿದ್ಮೇಲೂ ಅಭ್ಯಾಸ ಬಿಟ್ಟಿರ್ಲಿಲ್ಲ. ನಂಗೆ ಅವರ ಶೀರ್ಷಾಸನಕ್ಕಿಂತ ಆ ಕುರ್ಚಿನೇ ಇಷ್ಟವಾಯ್ತು. ಡೋಲಿ ಬೇಡ ಅಂದ ಅವ್ವಂಗೆ ಒಂದು ಊರುಗೋಲಾದ್ರೂ ಕೊಡ್ಬೋದಿತ್ತು. ಯಾರಿಗೂ ಹೊಳೀಲಿಲ್ಲ, ನಂಗೂ ಹೊಳೀಲಿಲ್ಲ.

ಈಗ ಹಾಲು ಉಕ್ಕೋವರ್ಗೂ ಗ್ಯಾಸ್ ಕಟ್ಟೆ ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ತೀನಿ. ಉಳುಕಿದ ಗಿಣ್ಣು ಮತ್ತೆ ಮತ್ತೆ ಉಳುಕುತ್ತೆ, ಅದಕ್ಕೆ ನಿಲ್ಲೋದನ್ನೇ ಕಲಿಸ್ಬೇಕು ಅಂತ ಡಾಕ್ಟ್ರು ಹೇಳಿದ್ದು. ಮೊದಲ ವಾರ ಐದು ಎಣಿಸೋದ್ರೊಳಗೆ ವಾಲ್ತಿದ್ದೆ, ಈಗ ನಲವತ್ತು. ನಮ್ಮನೆ ಮಹಡಿಗೆ 17 ಮೆಟ್ಲು. ಬೆಳಗೊಳದಷ್ಟು ಆಗ್ಬೇಕು ಅಂದ್ರೆ 38 ಸಲ ಹತ್ಬೇಕು. ಬೆಳಿಗ್ಗೆ ಮೂರು, ಸಂಜೆ ಮೂರು ನಡೀತಿದೆ, ಮಾವಯ್ಯನ ಊರುಗೋಲು ಹಿಡ್ಕೊಂಡು. ಮೊನ್ನೆ ಆ ಪಾಯಿಂಟ್ ಬರ್ಕೊಳಿ ಅಂದ ಹುಡುಗ ಬಂದು, "ಆಂಟಿ, ಮುಂದಿನ ವರ್ಷ ಖೊಖೊ ಇಡೋದೋ ಬೇಡ್ವೋ?" ಅಂತ ಕೇಳ್ದ. ಇಡು, ಆದ್ರೆ ನಲವತ್ತು ದಾಟಿದೋರಿಗೆ ಬೇರೆ ತಂಡ ಮಾಡು ಅಂದೆ.