ಜಾಝ್ ಸಂಗೀತವೂ ನಮ್ಮ ಸ್ಯಾಕ್ಸೋಫೋನೂ

ಕಾಸರಗೋಡಿನ ಸೀಮೆಯಲ್ಲಿ ಸ್ಯಾಕ್ಸೋಫೋನಿನ ಧ್ವನಿಯನ್ನು ಕೇಳರಿಯದ ಮಕ್ಕಳು ವಿರಳ. ಮದುವೆಯ ದಿಬ್ಬಣದಲ್ಲಿ, ದೇವಸ್ಥಾನದ ಜಾತ್ರೆಯಲ್ಲಿ, ದೈವದ ನೇಮದ ಅಂಗಳದಲ್ಲಿ ಆ ಬಾಗಿದ ಹಿತ್ತಾಳೆಯ ವಾದ್ಯವು ಮೊಳಗುವುದನ್ನು ನಾವು ಕೇಳುತ್ತಲೇ ಇರುವೆವು. ಅದು ಹೊರದೇಶದಿಂದ ಬಂದುದೆಂದರೆ ಎಷ್ಟೋ ವಿದ್ಯಾರ್ಥಿಗಳು ಒಮ್ಮೆಗೆ ನಂಬಲಾರರು. ಆದರೆ ಅದೇ ವಾದ್ಯದಲ್ಲಿ ನುಡಿಸಿದ ಜಾಝ್ ಸಂಗೀತವನ್ನು ಕೇಳಿಸಿದರೆ, ‘ಇದೇನು ಗದ್ದಲ!’ ಎಂದು ಕಿವಿ ಮುಚ್ಚಿಕೊಳ್ಳುವವರೇ ಹೆಚ್ಚು. ಈ ಲೇಖಕನೂ ಬಹುಕಾಲ ಆ ಗುಂಪಿಗೆ ಸೇರಿದ್ದವನೇ. ಒಂದೇ ವಾದ್ಯದ ಒಂದು ನುಡಿ ನಮಗೆ ಮಂಗಳಕರ, ಇನ್ನೊಂದು ನುಡಿ ಕರ್ಕಶ. ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಚರಿತ್ರೆಯನ್ನು ತುಸು ತಿರುವಿ ನೋಡಬೇಕು.

ಬೆಲ್ಜಿಯಂ ದೇಶದ ಅಡೋಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿಯು ತಾನು ರಚಿಸಿದ ಈ ವಾದ್ಯಕ್ಕೆ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರವನ್ನು ಪಡೆದನು. ಅವನ ಹೆಸರೇ ವಾದ್ಯಕ್ಕೂ ನಿಂತಿತು. ಇದರ ಒಡಲು ಹಿತ್ತಾಳೆಯದಾದರೂ ನಾದವು ಹುಟ್ಟುವುದು ಬಾಯಲ್ಲಿಡುವ ಜೊಂಡಿನ ತೆಳುಪಟ್ಟಿಯಿಂದ. ಈ ದೃಷ್ಟಿಯಿಂದ ಅದು ಕಹಳೆಗಿಂತಲೂ ನಮ್ಮ ನಾಗಸ್ವರಕ್ಕೆ ಹತ್ತಿರದ ನೆಂಟ. ಸೈನ್ಯದ ವಾದ್ಯವೃಂದಗಳ ಮೂಲಕ ಅದು ಲೋಕಸಂಚಾರ ಮಾಡಿತು. ಒಂದು ದಾರಿಯಲ್ಲಿ ಅಮೆರಿಕೆಗೆ ಹೋಯಿತು; ಇನ್ನೊಂದು ದಾರಿಯಲ್ಲಿ ಮೈಸೂರು ಅರಮನೆಯ ಬ್ಯಾಂಡಿಗೆ ಬಂದಿತು.

ಅಮೆರಿಕೆಯಲ್ಲಿ ಗುಲಾಮಗಿರಿಯು ಕಾನೂನಿನಂತೆ ಕೊನೆಗೊಂಡುದು 1865ರಲ್ಲಿ. ಬಿಡುಗಡೆ ಹೊಂದಿದವರ ಮಕ್ಕಳು, ಮೊಮ್ಮಕ್ಕಳು ನ್ಯೂ ಆರ್ಲಿಯನ್ಸ್ ನಗರದ ಮೆರವಣಿಗೆಗಳಲ್ಲಿಯೂ ಶವಯಾತ್ರೆಗಳಲ್ಲಿಯೂ ಕುಣಿತದ ಮನೆಗಳಲ್ಲಿಯೂ ನುಡಿಸುತ್ತ ನುಡಿಸುತ್ತ, 20ನೆಯ ಶತಮಾನದ ಆರಂಭದ ಹೊತ್ತಿಗೆ ಜಾಝ್ ಎಂಬ ಸಂಗೀತವನ್ನು ರೂಪಿಸಿದರು. ಅವರ ದುಃಖದ ಹಾಡುಗಳಾದ ಬ್ಲೂಸ್ ಅದರ ಬೇರುಗಳಲ್ಲೊಂದು. ಕೋಲ್ಮನ್ ಹಾಕಿನ್ಸ್, ಚಾರ್ಲಿ ಪಾರ್ಕರ್, ಜಾನ್ ಕೋಲ್ಟ್ರೇನ್ ಮೊದಲಾದವರ ಕೈಯಲ್ಲಿ ಸ್ಯಾಕ್ಸೋಫೋನು ಈ ಸಂಗೀತದ ಮುಖ್ಯ ಕಂಠವಾಯಿತು.

ಇನ್ನು ಅದನ್ನು ಕೇಳುವುದೆಂತು? ತಾಳಮದ್ದಳೆಯನ್ನು ಬಲ್ಲ ನಮಗೆ ಇದು ಕಷ್ಟವಾಗಬಾರದು. ಭಾಗವತರು ಪದ್ಯವನ್ನು ಹಾಡಿ ನಿಲ್ಲಿಸುವರು. ಪದ್ಯವು ಎಲ್ಲರಿಗೂ ಒಂದೇ. ಅದರ ಅರ್ಥವನ್ನು ಮಾತ್ರ ಅರ್ಥಧಾರಿಯು ಆ ಗಳಿಗೆಯಲ್ಲಿ, ಎದುರಾಳಿಯ ಮಾತನ್ನು ಕೇಳಿಕೊಂಡು, ತಾನೇ ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ಹೇಳಿದ ಅರ್ಥವನ್ನು ಇನ್ನೊಬ್ಬರು ಹಾಗೆಯೇ ಹೇಳಿದರೆ ಯಾರು ಮೆಚ್ಚುವರು? ಜಾಝ್ ಸಂಗೀತದ ಸಾಮಾನ್ಯ ಕ್ರಮವೂ ಬಹುಮಟ್ಟಿಗೆ ಇದೇ. ಮೊದಲು ಎಲ್ಲರೂ ಕೂಡಿ ಒಂದು ಮಟ್ಟನ್ನು ನುಡಿಸುವರು, ಅದು ಪದ್ಯ. ಬಳಿಕ ಒಬ್ಬೊಬ್ಬರಾಗಿ ಅದನ್ನು ಬಿಡಿಸಿ ವಿಸ್ತರಿಸುವರು, ಅದು ಅರ್ಥ. ಕೊನೆಗೆ ಮತ್ತೆ ಎಲ್ಲರೂ ಮೊದಲಿನ ಮಟ್ಟಕ್ಕೇ ಮರಳುವರು. ನಾಲ್ಕು ಏಟುಗಳ ಖಂಡಗಳು 12 ಅಥವಾ 32 ಕೂಡಿದರೆ ಒಂದು ಆವರ್ತವಾಗುವುದು ಸಾಮಾನ್ಯ. ಬೆರಳಿನಲ್ಲಿ ಎಣಿಸುತ್ತ ಕೇಳಿದವನಿಗೆ, ಗದ್ದಲವೆಂದು ತೋರಿದುದರ ಒಳಗೆ ಎಷ್ಟು ಬಿಗಿಯಾದ ಲೆಕ್ಕವಿದೆಯೆಂಬುದು ಬೇಗನೆ ತಿಳಿಯುವುದು. ನನ್ನ ಕಿವಿ ತೆರೆದುದು ಹೀಗೆ ಎಣಿಸಿದ ದಿನವೇ. ಅದುವರೆಗೆ ನಾನು ಪದ್ಯವನ್ನು ಗಮನಿಸದೆ ಅರ್ಥವನ್ನು ಮಾತ್ರ ಕೇಳಿ, ತಲೆಬುಡವಿಲ್ಲವೆಂದು ದೂರಿದ್ದೆ.

ಈಗ ಮೈಸೂರಿನ ದಾರಿಗೆ ಬರೋಣ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮಗ. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿದ ಅವರು ಅದರಲ್ಲಿಯೇ ಕರ್ನಾಟಕ ಸಂಗೀತವನ್ನು ನುಡಿಸಬೇಕೆಂದು ಹಟತೊಟ್ಟರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಅನಂತರ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಷ್ಯವೃತ್ತಿ ಮಾಡಿದರು. ಕೆಲಸವು ಸುಲಭದ್ದಾಗಿರಲಿಲ್ಲ. ಈ ವಾದ್ಯದ ಕೀಲಿಗಳು ಪಾಶ್ಚಾತ್ಯ ಸ್ವರಸ್ಥಾನಗಳಿಗೆ ಕಟ್ಟುಬಿದ್ದವು. ನಮ್ಮ ರಾಗದ ಪ್ರಾಣವೋ ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಗಮಕದಲ್ಲಿದೆ. ತುಟಿಯ ಹಿಡಿತ, ಉಸಿರಿನ ಅಂಕೆ, ಬೆರಳಿನ ಪಳಗಿಕೆ ಇವುಗಳಿಂದ ಆ ಗಮಕವನ್ನು ಹೊರಡಿಸಲು ವರ್ಷಗಟ್ಟಲೆ ಸಾಧನೆ ಬೇಕಾಯಿತು. ಮಂಗಳಕಾರ್ಯಕ್ಕೆ ಕರೆಯಲ್ಪಡುತ್ತಿದ್ದ ವಾದ್ಯದವರ ಮನೆತನಗಳಿಗೆ ಕಚೇರಿಯ ವೇದಿಕೆಯು ಸುಲಭವಾಗಿ ದೊರೆಯದಿದ್ದ ಕಾಲವನ್ನು ನೆನೆದರೆ, ಅವರ ಹಟವು ಬರಿಯ ವಾದ್ಯದ ಹಟವಲ್ಲವೆಂಬುದು ವಾಚಕರಿಗೆ ಹೊಳೆಯದಿರದು.

ಎರಡು ದಾರಿಗಳೂ ಕೂಡಿದುದು ಮುಂಬಯಿಯಲ್ಲಿ. ಆ ನಗರಕ್ಕೆ ಜಾಝ್ ಹೊಸತಲ್ಲ. 1930ರ ದಶಕದಿಂದಲೇ ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ಅಮೆರಿಕೆಯ ಕರಿಯ ವಾದಕರೂ ಗೋವೆಯ ವಾದಕರೂ ಅದನ್ನು ನುಡಿಸುತ್ತಿದ್ದರು. 1978ರಲ್ಲಿ ‘ಜಾಝ್ ಯಾತ್ರಾ’ ಎಂಬ ಉತ್ಸವವು ಅಲ್ಲಿ ಆರಂಭವಾಯಿತು. 1980ರ ಜಾಝ್ ಉತ್ಸವಕ್ಕೆ ಕ್ಯಾಲಿಫೋರ್ನಿಯದಿಂದ ಜಾನ್ ಹ್ಯಾಂಡಿಯವರು ಬಂದಿದ್ದರು. ಗೋಪಾಲನಾಥರ ವಾದನವನ್ನು ಕೇಳಿದ ಅವರು ತಾವೂ ಜೊತೆಯಲ್ಲಿ ನುಡಿಸಲು ಅಪೇಕ್ಷಿಸಿದರು. ಇಬ್ಬರೂ ಒಂದೇ ವೇದಿಕೆಯಲ್ಲಿ ನುಡಿಸಿದರು. ಜಾಝ್ ಸಂಗೀತವು ಏಕಕಾಲದಲ್ಲಿ ಮೊಳಗುವ ಹಲವು ಸ್ವರಗಳ ಮೇಳವನ್ನು ಬದಲಿಸುತ್ತ ಸಾಗುವುದು. ನಮ್ಮದು ಒಂದು ಷಡ್ಜವನ್ನು ನೆಚ್ಚಿ ನಿಲ್ಲುವುದು. ಒಬ್ಬರ ಪದ್ಯಕ್ಕೆ ಇನ್ನೊಬ್ಬರು ಅರ್ಥ ಹೇಳಬೇಕಾದರೆ ಮೊದಲು ಕೇಳಲು ಕಲಿಯಬೇಕು. ಹ್ಯಾಂಡಿಯವರು ಅದಕ್ಕೆ ಮುಂಚೆಯೇ, 1975ರಲ್ಲಿ, ಸರೋದ್ ವಾದಕ ಅಲಿ ಅಕ್ಬರ್ ಖಾನರೊಡನೆ ನುಡಿಸಿ ಮುದ್ರಿಸಿದ್ದರು. ಅವರ ಕಿವಿ ಸಿದ್ಧವಾಗಿದ್ದಿತು.

ಆ ಬಳಿಕ ಗೋಪಾಲನಾಥರಿಗೆ ವಿದೇಶಗಳ ವೇದಿಕೆಗಳೂ ತೆರೆದವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಪ್ರೊಮನೇಡ್ ಉತ್ಸವದಲ್ಲಿ ಅವರ ಕಚೇರಿ ನಡೆಯಿತು. 2004ರಲ್ಲಿ ಪದ್ಮಶ್ರೀ ಬಂದಿತು. ಕಥೆಯು ಇಲ್ಲಿಗೇ ಮುಗಿಯಲಿಲ್ಲ. ಕರ್ನಾಟಕ ಮೂಲದ ಕುಟುಂಬವೊಂದರ ಮಗನಾಗಿ ಅಮೆರಿಕೆಯಲ್ಲಿ ಬೆಳೆದ ರುದ್ರೇಶ ಮಹಂತಪ್ಪ ಎಂಬ ತರುಣನು ಚಾರ್ಲಿ ಪಾರ್ಕರನ ದಾರಿ ಹಿಡಿದು ಜಾಝ್ ಸ್ಯಾಕ್ಸೋಫೋನನ್ನು ಅಭ್ಯಾಸ ಮಾಡುತ್ತಿದ್ದನು. ಅವನ ಅಣ್ಣನು ವಿನೋದಕ್ಕೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟನಂತೆ. ವಿನೋದವು ವಿನೋದವಾಗಿ ಉಳಿಯಲಿಲ್ಲ. ತನ್ನ ವಾದ್ಯವು ತನ್ನ ಹಿರಿಯರ ನಾಡಿನಲ್ಲಿ ಬೇರೊಂದು ಬಾಳನ್ನು ಬಾಳುತ್ತಿದೆಯೆಂಬುದನ್ನು ಅವನು ಹಾಗೆ ಅರಿತನು. ಮುಂದೆ ಇಬ್ಬರೂ ಕೂಡಿ ನುಡಿಸಿದರು. 2008ರಲ್ಲಿ ಹೊರಬಂದ ಆ ಮುದ್ರಿಕೆಗೆ ಇಟ್ಟ ಹೆಸರು ‘ಕಿನ್ಸ್‌ಮೆನ್’, ಅಂದರೆ ಬಂಧುಗಳು. 2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ತೀರಿಕೊಂಡರು.

ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ಅರಿಕೆ. ಒಂದು ದಿನ ತರಗತಿಯಲ್ಲಿ ಮೊದಲು ತಾಳಮದ್ದಳೆಯ ಒಂದು ಪದ್ಯ ಮತ್ತು ಅದರ ಅರ್ಥ, ಬಳಿಕ ಚಾರ್ಲಿ ಪಾರ್ಕರನ ಒಂದು ತುಣುಕು, ಕೊನೆಗೆ ಗೋಪಾಲನಾಥರ ಒಂದು ಕೃತಿ, ಹೀಗೆ ಮೂರನ್ನೂ ಕೇಳಿಸಿರಿ. ಮೆಚ್ಚಲೇಬೇಕೆಂಬ ನಿರ್ಬಂಧ ಬೇಡ. ಮಟ್ಟವು ಎಲ್ಲಿ ಮುಗಿದು ವಿಸ್ತಾರವು ಎಲ್ಲಿ ಮೊದಲಾಯಿತು, ವಾದಕನು ಎಲ್ಲಿ ಮರಳಿ ಬಂದನು ಎಂಬುದನ್ನು ಮಾತ್ರ ಗುರುತಿಸಲು ಹೇಳಿರಿ. ಆ ಮಕ್ಕಳು ಮುಂದಿನ ಜಾತ್ರೆಯಲ್ಲಿ ಸ್ಯಾಕ್ಸೋಫೋನಿನವರ ಬಳಿ ತುಸು ಹೆಚ್ಚು ಹೊತ್ತು ನಿಂತು ಕೇಳಿದರೆ ನನ್ನ ಈ ಬರಹವು ಸಾರ್ಥಕವಾಯಿತೆಂದು ತಿಳಿಯುವೆನು.