ಮೀಸೆ ತಂಡ ಚದುರಿದ ಚಳಿಗಾಲ

ಭಾಗ 1/7

ಫೋಟೋದಲ್ಲಿ ಮೀಸೆಯ ತುದಿ ತಿರುವಿಕೊಂಡು ನಿಂತಿರೋ ಈ ಮನುಷ್ಯ ಹಳೇ ಸಿನಿಮಾದ ವಿಲನ್ ಅಲ್ಲ. ಹೆಸರು ರೋಲಿ ಫಿಂಗರ್ಸ್. ಅಮೆರಿಕದ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡದ ಪಿಚರ್, ಅಂದ್ರೆ ಚೆಂಡು ಎಸೆಯೋನು. 1972ರಲ್ಲಿ ತಂಡದ ಮಾಲೀಕ ಚಾರ್ಲಿ ಫಿನ್ಲಿ, ಅಪ್ಪಂದಿರ ದಿನದೊಳಗೆ ಮೀಸೆ ಬಿಟ್ಟವರಿಗೆ ತಲಾ 300 ಡಾಲರ್ ಕೊಡ್ತೀನಿ ಅಂತ ಘೋಷಿಸಿದ. ಹುಡುಗರು ಬಿಟ್ಟರು. ಊರವರು ಅವರನ್ನ ಮೀಸೆ ಗ್ಯಾಂಗ್ ಅಂತ ಕರೆದರು.

ಆ ಗ್ಯಾಂಗ್ 1972, 1973, 1974, ಮೂರೂ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು. 1977ರಲ್ಲಿ ಅದೇ ತಂಡ ತನ್ನ ವಿಭಾಗದಲ್ಲಿ ಕೊನೇ ಸ್ಥಾನ. ಆ ವರ್ಷವಷ್ಟೇ ಹುಟ್ಟಿದ ಸಿಯಾಟಲ್ ಮ್ಯಾರಿನರ್ಸ್ ಕೂಡ ಇವರಿಗಿಂತ ಮೇಲಿತ್ತು!

ಆಟ ಮರೆತುಹೋಯ್ತಾ? ಇಲ್ಲ. ನಡುವೆ ಒಂದು ಚಳಿಗಾಲ ಬಂತು. ಈ ಸರಣಿ ಅದರ ಕಥೆ.

ಐಪಿಎಲ್ ಹರಾಜಿನ ದಿನ ಆರ್‌ಸಿಬಿ ಟೇಬಲ್ಲನ್ನೇ ನೋಡ್ತಾ "ಇವನನ್ನ ಯಾಕಪ್ಪಾ ಬಿಟ್ರು, ಅವನನ್ನ ಯಾಕಪ್ಪಾ ತಗೊಂಡ್ರು" ಅಂತ ತಲೆ ಚಚ್ಚಿಕೊಂಡವರು ನೀವಾದರೆ, ಬೇಸ್‌ಬಾಲ್ ಅಭಿಮಾನಿಯ ಸಂಕಟ ನಿಮಗೆ ಅರ್ಥ ಆಗುತ್ತೆ. ಆದರೆ ಎರಡು ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಐಪಿಎಲ್‌ನಲ್ಲಿ ಎಲ್ಲ ತಂಡಕ್ಕೂ ಖರ್ಚಿನ ಮಿತಿ ಒಂದೇ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಅಂಥ ಗಟ್ಟಿ ಮಿತಿ ಇಲ್ಲ. ಮತ್ತೆ ಅಲ್ಲಿ ಕೂಗಿ ಮಾರೋ ಹರಾಜು ನಡೆಯಲ್ಲ. ಒಪ್ಪಂದ ಮುಗಿದ ಆಟಗಾರ ಫ್ರೀ ಏಜೆಂಟ್ ಆಗ್ತಾನೆ, ಯಾವ ತಂಡಕ್ಕೆ ಹೋಗಬೇಕು ಅನ್ನೋದನ್ನ ತಾನೇ ಆರಿಸಿಕೊಳ್ತಾನೆ.

ಹಾಗಾಗಿ ಪ್ರತಿ ಚಳಿಗಾಲ ಅಭಿಮಾನಿಗೆ ಮೂರು ಸಂಶಯ. ನಮ್ಮೋರು ಖರ್ಚು ಮಾಡ್ತಾರಾ? ಮಾಡಿದರೆ ಸರಿಯಾದವನ ಮೇಲೆ ಮಾಡ್ತಾರಾ? ಮಾಡದಿದ್ದರೆ ಅದು ಜಾಣತನವಾ, ಜುಗ್ಗತನವಾ?

ಭಾಗ 2/7: ಮೊದಲು ಆಯ್ಕೆಯೇ ಇರಲಿಲ್ಲ

ಸುಮಾರು ನೂರು ವರ್ಷ ಈ ಸಂಶಯಕ್ಕೆ ಜಾಗವೇ ಇರಲಿಲ್ಲ. ಕಾರಣ, ರಿಸರ್ವ್ ಕ್ಲಾಸ್ ಅನ್ನೋ ಷರತ್ತು. ಇದರ ಬೇರು 1879ರಲ್ಲಿದೆ. ಮುಂದೆ ಪ್ರತಿ ಆಟಗಾರನ ಒಪ್ಪಂದದಲ್ಲೂ ಸೇರಿಕೊಂಡಿತು: ಆಟಗಾರ ಸಹಿ ಹಾಕದಿದ್ದರೆ ತಂಡ ಹಳೇ ಒಪ್ಪಂದವನ್ನು ಒಂದು ವರ್ಷ ನವೀಕರಿಸಬಹುದು.

ಒಂದು ವರ್ಷ ತಾನೇ ಅಂತೀರಾ? ಮಾಲೀಕರು ಅದನ್ನ ಓದಿದ ರೀತಿ ನೋಡಿ. ನವೀಕರಿಸಿದ ಒಪ್ಪಂದದಲ್ಲೂ ಅದೇ ಷರತ್ತು ಇರುತ್ತಲ್ಲ, ಹಾಗಾಗಿ ಮತ್ತೊಂದು ವರ್ಷ. ಆಮೇಲೆ ಇನ್ನೊಂದು. ಅಂದ್ರೆ ಜೀವಮಾನ ಪೂರ್ತಿ. ತಂಡ ನಿಮ್ಮನ್ನ ಮಾರಬಹುದು, ಬದಲಾಯಿಸಿಕೊಳ್ಳಬಹುದು, ಮನೆಗೆ ಕಳಿಸಬಹುದು. ನೀವು ಮಾತ್ರ ಬೇರೆ ತಂಡದ ಬಾಗಿಲು ತಟ್ಟೋ ಹಾಗಿಲ್ಲ.

1969ರ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್ ಅನ್ನೋ ಆಟಗಾರನನ್ನ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಿತು. ಫ್ಲಡ್ ಹೋಗಲ್ಲ ಅಂದ. ತಾನು ಕೊಂಡು ಮಾರೋ ಸರಕಲ್ಲ ಅಂತ ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್‌ಗೆ ಕಾಗದ ಬರೆದ. ಆಮೇಲೆ ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5-3ರಿಂದ ಸೋತ. ಅಷ್ಟರಲ್ಲಿ ಅವನ ಆಟದ ಬದುಕೂ ಮುಗಿದಿತ್ತು.

ಈ ಮನುಷ್ಯನ ಹೆಸರು ನೆನಪಿರಲಿ. ಇವತ್ತು ಕೋಟಿಗಟ್ಟಲೆ ಡಾಲರಿಗೆ ಸಹಿ ಹಾಕೋ ಪ್ರತಿಯೊಬ್ಬ ಆಟಗಾರನಿಗೂ ಇವನ ಋಣ ಇದೆ. ಇವನಿಗೆ ಮಾತ್ರ ಅದರಲ್ಲಿ ಒಂದು ಪೈಸೆಯೂ ಸಿಗಲಿಲ್ಲ.

ಭಾಗ 3/7: ಕಟ್ಟದೇ ಬಿಟ್ಟ 50,000 ಡಾಲರ್

ಬಾಗಿಲು ತೆರೆದಿದ್ದು ಫಿನ್ಲಿಯ ಜಿಪುಣತನದಿಂದಲೇ. ಓಕ್‌ಲ್ಯಾಂಡ್‌ನ ಅತ್ಯುತ್ತಮ ಪಿಚರ್ ಕ್ಯಾಟ್‌ಫಿಶ್ ಹಂಟರ್‌ಗೆ 1974ರ ಸಂಬಳ 1,00,000 ಡಾಲರ್. ಅದರಲ್ಲಿ ಅರ್ಧವನ್ನು ಅವನ ಹೆಸರಲ್ಲಿ ವಿಮಾ ಯೋಜನೆಗೆ ಕಟ್ಟಬೇಕು ಅಂತ ಒಪ್ಪಂದದಲ್ಲೇ ಇತ್ತು. ಫಿನ್ಲಿ ಕಟ್ಟಲಿಲ್ಲ. ಕೊಟ್ಟ ಮಾತು ಮುರಿದಿದ್ದಕ್ಕೆ ಒಪ್ಪಂದವೇ ರದ್ದು ಅಂತ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟ.

ಆಗ ನಡೆದಿದ್ದು ಜಾತ್ರೆ. ನಾರ್ತ್ ಕ್ಯಾರೊಲಿನಾದ ಅಹೋಸ್ಕಿ ಅನ್ನೋ ಪುಟ್ಟ ಊರಿನ ವಕೀಲರ ಕಚೇರಿಗೆ ತಂಡಗಳ ಪ್ರತಿನಿಧಿಗಳು ಸಾಲಾಗಿ ಬಂದರು. ಡಿಸೆಂಬರ್ 31ರಂದು ಹಂಟರ್ ನ್ಯೂಯಾರ್ಕ್ ಯಾಂಕೀಸ್ ಜೊತೆ ಐದು ವರ್ಷಕ್ಕೆ ಸಹಿ ಹಾಕಿದ. ಮೊತ್ತ 30 ಲಕ್ಷ ಡಾಲರ್‌ಗೂ ಹೆಚ್ಚು. ಮುಕ್ತವಾಗಿ ಬಿಟ್ಟರೆ ತಮ್ಮ ಬೆಲೆ ಎಷ್ಟು ಅಂತ ಉಳಿದ ಆಟಗಾರರಿಗೆಲ್ಲ ಒಂದೇ ದಿನದಲ್ಲಿ ಗೊತ್ತಾಯ್ತು.

ಮರುವರ್ಷ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಸಹಿಯೇ ಹಾಕದೆ 1975ರ ಸೀಸನ್‌ಗೆ ಇಳಿದರು. ಸೀಸನ್ ಮುಗಿದ ಮೇಲೆ, ಒಂದು ವರ್ಷ ಮುಗೀತು, ನಾವಿನ್ನು ಸ್ವತಂತ್ರರು ಅಂದರು. 1975ರ ಡಿಸೆಂಬರ್ 23ರಂದು ಅದೇ ಸೈಟ್ಜ್ ಅದನ್ನ ಒಪ್ಪಿದ. ಒಂದು ವರ್ಷ ಅಂದ್ರೆ ಒಂದೇ ವರ್ಷ, ಅಷ್ಟೇ. ಮಾಲೀಕರು ತಕ್ಷಣ ಸೈಟ್ಜ್‌ನನ್ನ ಕೆಲಸದಿಂದ ತೆಗೆದರು. ತೀರ್ಪು ಮಾತ್ರ ಉಳೀತು.

ಇಲ್ಲೊಂದು ತಮಾಷೆ ಇದೆ. ಹಾಗಾದರೆ ಪ್ರತಿ ವರ್ಷ ಎಲ್ಲ ಆಟಗಾರರನ್ನೂ ಸ್ವತಂತ್ರರನ್ನಾಗಿ ಮಾಡಿಬಿಡಿ ಅಂದವನು ಫಿನ್ಲಿ. ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಹೆದರಿದ್ದೇ ಈ ಮಾತಿಗೆ. ಸಂತೆಗೆ ಒಂದೇ ದಿನ ನೂರು ಗಾಡಿ ಟೊಮೆಟೊ ಬಂದರೆ ಬೆಲೆ ಏನಾಗುತ್ತೆ ಹೇಳಿ? ಉಳಿದ ಮಾಲೀಕರು ಫಿನ್ಲಿ ಮಾತು ಕೇಳಲಿಲ್ಲ. 1976ರ ಒಪ್ಪಂದದಲ್ಲಿ, ಆರು ವರ್ಷ ಆಡಿದವರಿಗೆ ಮಾತ್ರ ಸ್ವಾತಂತ್ರ್ಯ ಅಂತ ಆಯ್ತು. ಪ್ರತಿ ಚಳಿಗಾಲ ಮಾರುಕಟ್ಟೆಗೆ ಬರೋರು ಕೆಲವರೇ. ಹಾಗಾಗಿಯೇ ಬೆಲೆ ಏರುತ್ತಾ ಹೋಯ್ತು.

ಭಾಗ 4/7: ಮಾರಿದರೂ ಮಾರಲಾಗಲಿಲ್ಲ

1976ರ ಜೂನ್. ಸೀಸನ್ ಕೊನೆಗೆ ತನ್ನ ತಾರೆಯರೆಲ್ಲ ಕೈಬಿಟ್ಟು ಹೋಗ್ತಾರೆ ಅಂತ ಫಿನ್ಲಿಗೆ ಗೊತ್ತಾಗಿತ್ತು. ಬಿಟ್ಟಿಯಾಗಿ ಹೋಗೋದಕ್ಕಿಂತ ಮಾರೋದೇ ವಾಸಿ ಅಂದುಕೊಂಡ. ಜೂನ್ 15ರಂದು ಫಿಂಗರ್ಸ್ ಮತ್ತು ಜೋ ರುಡಿಯನ್ನು ತಲಾ 10 ಲಕ್ಷ ಡಾಲರ್‌ಗೆ ಬಾಸ್ಟನ್ ರೆಡ್ ಸಾಕ್ಸ್‌ಗೆ, ವೈಡಾ ಬ್ಲೂನನ್ನ 15 ಲಕ್ಷಕ್ಕೆ ಯಾಂಕೀಸ್‌ಗೆ ಮಾರಿದ.

ಬಾಸ್ಟನ್ ತಂಡ ಆಗ ಓಕ್‌ಲ್ಯಾಂಡ್‌ಗೇ ಆಡೋಕೆ ಬಂದಿತ್ತು. ಫಿಂಗರ್ಸ್, ರುಡಿ ಇಬ್ಬರೂ ಅದೇ ಮೈದಾನದಲ್ಲಿ ಎದುರಾಳಿ ತಂಡದ ಜೆರ್ಸಿ ಹಾಕಿಕೊಂಡು ಕೂತರು. ಗ್ಯಾಲರಿಯಲ್ಲಿ ಕೂತ ಓಕ್‌ಲ್ಯಾಂಡ್ ಅಭಿಮಾನಿಯ ಜಾಗದಲ್ಲಿ ಒಂದು ನಿಮಿಷ ನಿಮ್ಮನ್ನ ಇಟ್ಟು ನೋಡಿ.

ಆಡೋ ಅವಕಾಶ ಬರಲೇ ಇಲ್ಲ. ಮೂರು ದಿನಕ್ಕೆ ಕಮಿಷನರ್ ಕೂನ್ ಈ ಮಾರಾಟವನ್ನೇ ರದ್ದು ಮಾಡಿದ. ಆಟದ ಒಳಿತಿಗೆ ಇದು ಮಾರಕ ಅನ್ನೋದು ಅವನ ವಾದ. ಫಿನ್ಲಿ ಕೋರ್ಟಿಗೆ ಹೋಗಿ ಸೋತ. ಅಷ್ಟೆಲ್ಲ ಗಲಾಟೆಯ ನಡುವೆಯೂ ಆ ತಂಡ 1976ರಲ್ಲಿ 87 ಪಂದ್ಯ ಗೆದ್ದು ಎರಡನೇ ಸ್ಥಾನ ಪಡೀತು. ಆಟ ಇನ್ನೂ ಇತ್ತು. ತಂಡ ಉಳಿಯಲಿಲ್ಲ.

ಭಾಗ 5/7: ಯಾರು ಕೊಂಡರು, ಯಾರು ಗೆದ್ದರು

1976ರ ನವೆಂಬರ್‌ನಿಂದ ಮೀಸೆ ತಂಡ ದಿಕ್ಕಾಪಾಲಾಯ್ತು. ರುಡಿ ಮತ್ತು ಡಾನ್ ಬೇಲರ್ ಕ್ಯಾಲಿಫೋರ್ನಿಯಾ ಏಂಜಲ್ಸ್‌ಗೆ. ಫಿಂಗರ್ಸ್ ಮತ್ತು ಜೀನ್ ಟೆನಸ್ ಸ್ಯಾನ್ ಡಿಯೇಗೊಗೆ. ಸ್ಯಾಲ್ ಬ್ಯಾಂಡೊ ಮಿಲ್ವಾಕಿಗೆ. ಬರ್ಟ್ ಕ್ಯಾಂಪನೆರಿಸ್ ಟೆಕ್ಸಸ್‌ಗೆ. ಅದೇ ವರ್ಷದ ಆರಂಭದಲ್ಲಿ ಫಿನ್ಲಿ ಬಾಲ್ಟಿಮೋರ್‌ಗೆ ಕೊಟ್ಟಿದ್ದ ರೆಗ್ಗಿ ಜ್ಯಾಕ್ಸನ್ ಯಾಂಕೀಸ್ ಸೇರಿದ. ಐದು ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್.

ಈಗ ಫಲಿತಾಂಶ ನೋಡಿ.

▪️ ಯಾಂಕೀಸ್: 1976ರಲ್ಲೇ ವರ್ಲ್ಡ್ ಸೀರೀಸ್ ತನಕ ಹೋಗಿ ಸೋತಿತ್ತು. ಬೇಕಿದ್ದಿದ್ದು ಒಂದು ಕೊನೆಯ ತುಂಡು. 1977ರ ಅಕ್ಟೋಬರ್ 18ರಂದು, ಸೀರೀಸ್‌ನ ಆರನೇ ಪಂದ್ಯದಲ್ಲಿ ರೆಗ್ಗಿ ಮೂರು ಬಾರಿ ಬ್ಯಾಟ್ ಬೀಸಿದ. ಮೂರೂ ಹೋಮ್ ರನ್, ಮೂರು ಬೇರೆ ಬೇರೆ ಪಿಚರ್‌ಗಳಿಗೆ. ಯಾಂಕೀಸ್ ಚಾಂಪಿಯನ್.

▪️ ಏಂಜಲ್ಸ್: ರುಡಿ, ಬೇಲರ್ ಜೊತೆ ಬಾಲ್ಟಿಮೋರ್‌ನ ಬಾಬಿ ಗ್ರಿಚ್‌ನನ್ನೂ ತಂದಿತು. ಆ ಚಳಿಗಾಲದ ಹೀರೋ ಅವರೇ. ಗ್ರಿಚ್ ಸೀಸನ್‌ಗೆ ಮುಂಚೆ ಮನೆಗೆ ಏರ್ ಕಂಡಿಷನರ್ ಹೊತ್ತು ಬೆನ್ನು ಹಾಳುಮಾಡಿಕೊಂಡ. ರುಡಿಯ ಕೈ ಮುರೀತು. 1976ರಲ್ಲಿ 76 ಪಂದ್ಯ ಗೆದ್ದಿದ್ದ ತಂಡ 1977ರಲ್ಲಿ ಗೆದ್ದಿದ್ದು 74.

▪️ ಸ್ಯಾನ್ ಡಿಯೇಗೊ: ಫಿಂಗರ್ಸ್ ಲೀಗ್‌ನಲ್ಲೇ ಅತಿ ಹೆಚ್ಚು, 35 ಪಂದ್ಯಗಳ ಗೆಲುವನ್ನು ಕೊನೇ ಗಳಿಗೆಯಲ್ಲಿ ಕಾಪಾಡಿದ. ತಂಡ ಸೋತಿದ್ದು 93. ಅವನ ಕೆಲಸ ಗೆಲ್ಲುತ್ತಿರೋ ಪಂದ್ಯವನ್ನ ಮುಗಿಸೋದು. ಗೆಲ್ಲುತ್ತಿರೋ ಪಂದ್ಯಗಳೇ ಕಮ್ಮಿ ಇದ್ದರೆ ಅವನೇನು ಮಾಡಬೇಕು?

▪️ ಕ್ಲೀವ್‌ಲ್ಯಾಂಡ್: 1976ರಲ್ಲಿ 20 ಪಂದ್ಯ ಗೆದ್ದ ಪಿಚರ್ ವೇಯ್ನ್ ಗಾರ್ಲಂಡ್‌ಗೆ ಹತ್ತು ವರ್ಷದ ಒಪ್ಪಂದ ಕೊಟ್ಟಿತು. ಮೊದಲ ವಸಂತದಲ್ಲೇ ತೋಳು ನೋವು. ನೋವಿನಲ್ಲೇ ಆಡಿ 1977ರಲ್ಲಿ 13 ಗೆದ್ದು 19 ಸೋತ. 1981ರ ನಂತರ ಅವನ ಆಟ ಮುಗೀತು. ಒಪ್ಪಂದ ಇನ್ನೂ ಉಳಿದಿತ್ತು.

▪️ ಓಕ್‌ಲ್ಯಾಂಡ್: 63 ಗೆಲುವು, 98 ಸೋಲು. 1979ರಲ್ಲಿ 108 ಸೋಲು. ಆ ಇಡೀ ವರ್ಷ ಮೈದಾನಕ್ಕೆ ಬಂದವರು 3,06,763 ಜನ.

"ಹಾಗಾದರೆ ದುಡ್ಡು ಸುರಿಯೋದು ದಂಡ" ಅಂತ ತೀರ್ಮಾನ ಮಾಡೋಕೆ ಹೊರಟ್ರಾ? ಸ್ವಲ್ಪ ನಿಲ್ಲಿ. 1979ರಲ್ಲಿ ಏಂಜಲ್ಸ್ ತನ್ನ ಇತಿಹಾಸದಲ್ಲೇ ಮೊದಲ ಬಾರಿ ವಿಭಾಗ ಗೆದ್ದಿತು. ಬೇಲರ್ 139 ರನ್ ತಂದುಕೊಟ್ಟು ಲೀಗ್‌ನ ಅತ್ಯುತ್ತಮ ಆಟಗಾರ ಆದ. ಗ್ರಿಚ್ ಅವನ ಪಕ್ಕದಲ್ಲೇ ಇದ್ದ. 1977ರಲ್ಲಿ ಬೈದ ಅಭಿಮಾನಿಯ ಸಂಶಯ ಆ ವರ್ಷಕ್ಕೆ ಸರಿ, ಎರಡು ವರ್ಷ ಬಿಟ್ಟು ನೋಡಿದರೆ ತಪ್ಪು.

ಏನನ್ನೂ ಮಾಡದೆ ಸುಮ್ಮನಿದ್ದವರು ಮಾತ್ರ ಯಾವ ಲೆಕ್ಕದಲ್ಲೂ ಗೆಲ್ಲಲಿಲ್ಲ. ಓಕ್‌ಲ್ಯಾಂಡ್‌ನದು ಆ ಕಥೆ.

ಭಾಗ 6/7: ಎಲ್ಲರೂ ಒಟ್ಟಿಗೆ "ಜಾಣ"ರಾದಾಗ

ಇದು ನನಗೆ ಈ ಇಡೀ ಕಥೆಯಲ್ಲಿ ಸಿಟ್ಟು ಬರಿಸೋ ಭಾಗ.

1985ರ ಚಳಿಗಾಲ. ಡೆಟ್ರಾಯಿಟ್‌ನ ಕರ್ಕ್ ಗಿಬ್ಸನ್ ಫ್ರೀ ಏಜೆಂಟ್. ಹಿಂದಿನ ವರ್ಷ ವರ್ಲ್ಡ್ ಸೀರೀಸ್ ಗೆಲ್ಲಿಸಿದ ಆಳು. ಬೇರೆ ಯಾವ ತಂಡವೂ ಅವನಿಗೆ ಸರಿಯಾದ ಬೆಲೆ ಹೇಳಲಿಲ್ಲ. ಮರುವರ್ಷ ಟಿಮ್ ರೇನ್ಸ್, ಲೀಗ್‌ನ ಬ್ಯಾಟಿಂಗ್ ಚಾಂಪಿಯನ್. ಅವನ ಕಥೆಯೂ ಅದೇ. ಆಂಡ್ರೆ ಡಾಸನ್ ಅಂತೂ ಷಿಕಾಗೊ ಕಬ್ಸ್‌ಗೆ ಹೋಗಿ ಖಾಲಿ ಒಪ್ಪಂದ ಕೊಟ್ಟು, ಮೊತ್ತ ನೀವೇ ಬರೆದುಕೊಳ್ಳಿ ಅಂದ. ಅವರು 5,00,000 ಡಾಲರ್ ಮೂಲ ಸಂಬಳ ಬರೆದರು, ಹಿಂದಿನ ತಂಡದಲ್ಲಿ ಸಿಗ್ತಿದ್ದಕ್ಕಿಂತ ಎಷ್ಟೋ ಕಮ್ಮಿ. ಡಾಸನ್ 1987ರಲ್ಲಿ 49 ಹೋಮ್ ರನ್ ಹೊಡೆದು, ಕೊನೇ ಸ್ಥಾನದ ತಂಡದಲ್ಲಿದ್ದೂ ಲೀಗ್‌ನ ಅತ್ಯುತ್ತಮ ಆಟಗಾರ ಆದ.

ಆಗ ತಂಡಗಳು ಕೊಟ್ಟ ಕಾರಣ, ನಾವೀಗ ಹಣದ ವಿಷಯದಲ್ಲಿ ಜವಾಬ್ದಾರಿಯಿಂದ ನಡ್ಕೊಳ್ತಿದ್ದೀವಿ ಅನ್ನೋದು. ಗಾರ್ಲಂಡ್‌ನಂಥ ಕಥೆ ನೋಡಿದ್ದ ಅಭಿಮಾನಿ ಕೂಡ ಹೌದಪ್ಪಾ ಅಂತ ತಲೆಯಾಡಿಸೋ ಮಾತೇ ಅದು.

ನಿಜ ಬೇರೆ ಇತ್ತು. ಒಬ್ಬರ ಆಟಗಾರನಿಗೆ ಇನ್ನೊಬ್ಬರು ಬೆಲೆ ಕಟ್ಟಬಾರದು ಅಂತ ಮಾಲೀಕರು ಒಳಗೊಳಗೇ ಒಂದಾಗಿದ್ದರು. ಮಧ್ಯಸ್ಥಗಾರರು ಮೂರು ಪ್ರಕರಣದಲ್ಲೂ ಅದನ್ನ ಹಿಡಿದರು. 1990ರಲ್ಲಿ ಮಾಲೀಕರು ಆಟಗಾರರಿಗೆ 28 ಕೋಟಿ ಡಾಲರ್ ಪರಿಹಾರ ಕೊಡೋಕೆ ಒಪ್ಪಿದರು.

ಅಭಿಮಾನಿಗೆ ಪರಿಹಾರ ಕೊಟ್ಟವರು ಯಾರೂ ಇಲ್ಲ. ಆ ಮೂರು ಚಳಿಗಾಲ ತನ್ನ ತಂಡ ಗೆಲ್ಲೋಕೆ ಪ್ರಯತ್ನ ಮಾಡ್ತಿದೆ ಅಂತ ನಂಬಿ ಟಿಕೆಟ್ ತಗೊಂಡವನು ಅವನು.

ತೀರ್ಪಿನಿಂದಾಗಿ ಗಿಬ್ಸನ್‌ಗೆ ಮತ್ತೆ ಸ್ವಾತಂತ್ರ್ಯ ಸಿಕ್ತು. 1988ಕ್ಕೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದ. ಆ ವರ್ಷದ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಕೊನೇ ಇನ್ನಿಂಗ್ಸ್. ಎರಡೂ ಕಾಲು ಪೆಟ್ಟಾಗಿ ಕುಂಟುತ್ತಾ ಬಂದು, ಪಂದ್ಯ ಗೆಲ್ಲಿಸೋ ಹೋಮ್ ರನ್ ಹೊಡೆದ. ಎದುರಾಳಿ ಯಾರು ಗೊತ್ತಾ? ಹೊಸ ಮಾಲೀಕರ ಕೈಯಲ್ಲಿ ಮತ್ತೆ ಎದ್ದು ನಿಂತಿದ್ದ ಓಕ್‌ಲ್ಯಾಂಡ್.

ಭಾಗ 7/7: ಈಗ ನಿಮ್ಮ ಸಂಶಯ

2023ರ ಡಿಸೆಂಬರ್‌ನಲ್ಲಿ ಶೋಹೆ ಒಹ್ತಾನಿ ಡಾಡ್ಜರ್ಸ್‌ಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್‌ಗೆ ಸಹಿ ಹಾಕಿದ. ಅದರಲ್ಲಿ 68 ಕೋಟಿ ಸಿಗೋದು ಒಪ್ಪಂದ ಮುಗಿದ ಮೇಲೆ. ಡಾಡ್ಜರ್ಸ್ 2024, 2025 ಎರಡೂ ವರ್ಷ ಚಾಂಪಿಯನ್. 2024ರ ಡಿಸೆಂಬರ್‌ನಲ್ಲಿ ಹ್ವಾನ್ ಸೋಟೊ ನ್ಯೂಯಾರ್ಕ್ ಮೆಟ್ಸ್‌ಗೆ 15 ವರ್ಷಕ್ಕೆ 76.5 ಕೋಟಿಗೆ ಸಹಿ ಹಾಕಿದ, 2025ರಲ್ಲಿ 43 ಹೋಮ್ ರನ್ ಹೊಡೆದ. ಮೆಟ್ಸ್ ಪ್ಲೇಆಫ್‌ಗೇ ಹೋಗಲಿಲ್ಲ. ರೆಗ್ಗಿ ಮತ್ತು ಏಂಜಲ್ಸ್ ಕಥೆ ನೆನಪಾಯ್ತಾ? ಸೊನ್ನೆಗಳು ಜಾಸ್ತಿಯಾಗಿವೆ, ಅಷ್ಟೇ.

ಹಾಗಾಗಿ ಚಳಿಗಾಲದಲ್ಲಿ ದೊಡ್ಡ ಹೆಸರು ಬಂತು ಅಂತ ಪಟಾಕಿ ಹಚ್ಚೋಕೆ ಮುಂಚೆ, ಅಥವಾ ಬರಲಿಲ್ಲ ಅಂತ ಬಯ್ಯೋಕೆ ಮುಂಚೆ, ನಾನು ಕೇಳಿಕೊಳ್ಳೋ ಪ್ರಶ್ನೆ ಇವು:

1️⃣ ಈ ಆಟಗಾರ ಬರೋಕೆ ಮುಂಚೆ ತಂಡ ಎಲ್ಲಿತ್ತು? ಮೇಲಂತಸ್ತು ಕಟ್ಟುತ್ತಿದ್ದೀವಾ, ಪಾಯವೇ ಇಲ್ವಾ?
2️⃣ ಹಣ ಕೊಡ್ತಿರೋದು ಅವನು ಆಡಿ ಮುಗಿಸಿದ ವರ್ಷಗಳಿಗಾ, ಇನ್ನು ಆಡೋ ವರ್ಷಗಳಿಗಾ?
3️⃣ ತಂಡ ಖರ್ಚು ಮಾಡಲ್ಲ ಅಂದರೆ, ಉಳಿದ ದುಡ್ಡು ಎಲ್ಲಿಗೆ ಹೋಗುತ್ತೆ? ಎಳೆಯ ಆಟಗಾರರಿಗಾ, ಮಾಲೀಕರ ಜೇಬಿಗಾ?

ಮೊದಲೆರಡು ಪ್ರಶ್ನೆಗಳನ್ನ ಎಲ್ಲ ಅಭಿಮಾನಿಗಳೂ ಕೇಳ್ತಾರೆ. ಮೂರನೆಯದನ್ನ ಕೇಳೋರು ಕಮ್ಮಿ. ಆಟಗಾರ ದುರಾಸೆಯವನು ಅಂತ ಹೇಳೋದು ಸುಲಭ, ಅವನ ಸಂಬಳ ಪೇಪರಿನಲ್ಲಿ ಬರುತ್ತೆ. ಮಾಲೀಕರ ಲಾಭ ಹಾಗೆ ಅಚ್ಚಾಗಲ್ಲ.

ಮೀಸೆ ತಂಡದ ಮನೆಗೆ ಏನಾಯ್ತು ಅಂತ ಕೇಳ್ತೀರಲ್ಲ? 2024ರ ಸೆಪ್ಟೆಂಬರ್ 26ರಂದು ಅಥ್ಲೆಟಿಕ್ಸ್ ಓಕ್‌ಲ್ಯಾಂಡ್‌ನಲ್ಲಿ ಕೊನೇ ಪಂದ್ಯ ಆಡಿತು. 46,889 ಜನ ಬಂದಿದ್ದರು. 3-2ರಿಂದ ಗೆದ್ದರು. 2025ರಿಂದ ತಂಡ ಸ್ಯಾಕ್ರಮೆಂಟೊ ಪಕ್ಕದ ಒಂದು ಸಣ್ಣ ಮೈದಾನದಲ್ಲಿ ಆಡ್ತಿದೆ, ಲಾಸ್ ವೇಗಸ್‌ಗೆ ಹೋಗೋ ತನಕ. ಅಂದ್ರೆ ಚಳಿಗಾಲದಲ್ಲಿ ಬೇರೆ ಊರಿಗೆ ಹೋಗೋದು ಆಟಗಾರ ಮಾತ್ರ ಅಲ್ಲ. ಕೆಲವೊಮ್ಮೆ ತಂಡವೇ ಹೋಗುತ್ತೆ.

ನಿಮ್ಮ ತಂಡ, ಯಾವ ಆಟದ್ದೇ ಇರಲಿ, ಬಿಟ್ಟುಕೊಟ್ಟು ನಿಮಗೆ ಇನ್ನೂ ನೋವಿರೋ ಆಟಗಾರ ಯಾರು? ಕಾಮೆಂಟ್‌ನಲ್ಲಿ ಬರೀರಿ. ಮೂರನೇ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅದನ್ನೂ ಬರೀರಿ. ಏಳೂ ಭಾಗ ಒಟ್ಟಿಗೆ ಓದಬೇಕು ಅಂದ್ರೆ ಸೇವ್ ಮಾಡ್ಕೊಳ್ಳಿ, ಬೇಸ್‌ಬಾಲ್ ಅಂದ್ರೆ ಬರೀ ದೊಣ್ಣೆ ಬೀಸೋದು ಅನ್ನೋ ಗೆಳೆಯನಿಗೆ ಕಳಿಸಿ.

#ಆಟದಇತಿಹಾಸ #ಬೇಸ್‌ಬಾಲ್ #ಮೀಸೆತಂಡ #ಕರ್ಟ್‌ಫ್ಲಡ್ #ಕನ್ನಡದಲ್ಲಿಓದಿ